ಅಜ್ಜನ ಕೆಂಪು ಕಾರಿನ ಬಾಗಿಲೊಳಗೆ

ತಮ್ಮ ತುಲ್ಲಿಯೋ,

ಇದು ನಡೆದದ್ದೇ, ನನ್ನ ಕಟ್ಟುಕಥೆಯಲ್ಲ. ನಂಬದಿದ್ದರೆ ಗ್ಯಾರೇಜಿಗೆ ಹೋಗಿ ಕಾರಿನ ಎಡಬಾಗಿಲು ನೋಡು. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಸಹಿಸಿಕೋ.

ಬೆಳಿಗ್ಗೆ ತಮಾಷೆಗೆಂದು ಮಹಡಿಯಿಂದ ಅಜ್ಜನಿಗೆ ಫೋನ್ ಮಾಡಿ, ಹಳೆ ಕಾರುಗಳ ಕ್ಲಬ್ಬಿನ ಪರೀಕ್ಷಕ ಬೊನ್ಫಾತ್ತಿಯ ಹಾಗೆ ಮೂಗಿನಲ್ಲಿ ಮಾತಾಡಿದೆ. "ಒರೆಸ್ತೆಯವರೇ, ನಿಮ್ಮ ಲಾಂಚಿಯಾ ಕಾರು ಹುಟ್ಟಿದ್ದು ಕೆಂಪಾಗಿ ಅಲ್ಲ ರೀ, ತಿಳಿಹಸಿರಾಗಿ. ಶನಿವಾರದ ಪರೀಕ್ಷೇಲಿ ಅಸಲಿ ಬಣ್ಣ ಅಂತ ಸರ್ಟಿಫಿಕೇಟ್ ಹೇಗೆ ಕೊಡ್ಲಿ?" ಬೈಗುಳಕ್ಕೆ ಕಾದಿದ್ದೆ. ಅಜ್ಜ "ಸರಿ" ಎಂದು ಫೋನಿಟ್ಟರು.

ತಪ್ಪೊಪ್ಪಿಕೊಳ್ಳಲು ಕೆಳಗೆ ಓಡಿದರೆ, ಅವರು ಬಾಗಿಲೊಳಗೆ ಅಂಟಿಸಿದ್ದ ಹಳೆಯ ಉಣ್ಣೆ ಹೊದಿಕೆ ಕೀಳುತ್ತಿದ್ದರು. ತಂದಾಗ ಕಾರು ಬಣ್ಣವೇ ಇಲ್ಲದ ಬರೀ ತಗಡಾಗಿತ್ತಲ್ಲ, ಮಾರಿದವನು ಕೆಂಪು ಎಂದದ್ದನ್ನೇ ನಂಬಿ ಮೂರು ವರ್ಷ ಬಳಿದು ಉಜ್ಜಿದರಲ್ಲ. ಹೊದಿಕೆಯಡಿ ತಿಳಿಹಸಿರು! ನಾನು ಬಾಯಿಗೆ ಬಂದ ಬಣ್ಣ ಹೇಳಿದ್ದೆ ಕಣೋ.

"ಫೋನ್ ಮಾಡಿದ್ದು ನಾನೇ ಅಜ್ಜ" ಎಂದೆ. ಗಾಬರಿಗೆ ಅದೂ ಬೊನ್ಫಾತ್ತಿಯ ಮೂಗಿನಲ್ಲೇ ಬಂತು.

ಅಜ್ಜ ಟೈರಿನ ಮೇಲೆ ಕುಸಿದರು. "ನೀನಾ? ನೀನು ಹೇಳದಿದ್ರೆ ಶನಿವಾರ ಆ ಬೊನ್ಫಾತ್ತಿ ಎಲ್ಲರ ಮುಂದೆ ಇದನ್ನ ಕಿತ್ತು ತೋರಿಸ್ತಿದ್ದ ಕಣೇ."

ಅದೇ ಬಣ್ಣ ಬೆರೆಸಿಸಲು ಹಸಿರಿನ ಚಕ್ಕೆ ಹಿಡಿದು ಮೋದೆನಾ ಊರಿನ ಬಣ್ಣದವನ ಹತ್ತಿರ ಹೊರಟಿದ್ದೇನೆ. ಸಾರು ಒಲೆಯ ಮೇಲಿದೆ, ತೊರ್ತೆಲ್ಲೀನಿ ಕಡುಬುಗಳನ್ನು ಊಟದ ಹೊತ್ತಿಗಷ್ಟೇ ಅದಕ್ಕೆ ಹಾಕು. ಹನ್ನೆರಡಕ್ಕೆ ಬೊನ್ಫಾತ್ತಿ ಫೋನ್ ಮಾಡುತ್ತಾರೆ, ಪರೀಕ್ಷೆ ಎರಡು ತಿಂಗಳು ಮುಂದೂಡಲು ಕೇಳು. ನಾನೆಂದುಕೊಂಡು ಬೈದುಬಿಡಬೇಡ, ಆ ಮೂಗು ಅಸಲಿಯೇ.

ಗ್ಯಾರೇಜಿನಿಂದ ಗುಡುಗುಡು ಕೇಳಿಸಿದರೆ ಎಂಜಿನ್ ಆರಿಸಲು ಓಡಬೇಡ. ನಗುತ್ತಿರುವುದು ಅಜ್ಜ. ನನಗಂತೂ ಇನ್ನೂ ನಗು ಬಂದಿಲ್ಲ.

ನೋರ್ಮಾ