ರಿದ್ವಾನ್ ಶಾರ್ಕ್ ಕರೆಸಿದ ಬಗೆ

ಕುಸೈರ್, ಬುಧವಾರ

ಅಪ್ಪನಿಗೆ ನಜ್ಲಾಳ ಸಲಾಂ.

ನಿಶ್ಚಿತಾರ್ಥಕ್ಕೆ ರಿದ್ವಾನನ ಮನೆಯವರು ಕೊಟ್ಟ ಬಳೆಗಳು ಅಮ್ಮನ ಪೆಟ್ಟಿಗೆಯಲ್ಲಿವೆ. ದಯವಿಟ್ಟು ಈ ಶುಕ್ರವಾರವೇ ಹಿಂದಿರುಗಿಸಿ ಬನ್ನಿ.

ನಿನ್ನೆ ಅವನ ದೋಣಿಯಲ್ಲಿ ಆರು ಮಂದಿ ಪ್ರವಾಸಿಗರನ್ನು ಹೊರಗಡಲಿನ ಹವಳದ ದಿಬ್ಬಕ್ಕೆ ಸ್ಕೂಬಾ ಡೈವಿಂಗಿಗೆ ಕರೆದೊಯ್ದಿದ್ದೆ. ಮೊದಲ ಸಲ ಮುಳುಗಿದಾಗ ಶಾರ್ಕ್ ಕಾಣಲಿಲ್ಲ. ಎರಡನೆಯ ಸಲ ಇಪ್ಪತ್ತು ಮೀಟರ್ ಆಳದಲ್ಲಿದ್ದಾಗ ಮೇಲಿನಿಂದ ಕುರಿಯ ಕರುಳು ಇಳಿದುಬಂದು ನನ್ನ ಹೆಗಲಿಗೆ ಸುತ್ತಿಕೊಂಡಿತು. ಅದರ ಹಿಂದೆಯೇ ಮೂರು ಶಾರ್ಕ್ ಬಂದವು. ಅವುಗಳಲ್ಲೊಂದು ನಮ್ಮ ತಂಡದ ಜರ್ಮನಿಯ ಅಜ್ಜಿಯೊಬ್ಬರ ತೊಡೆಗೆ ಮೂತಿ ತಾಗಿಸಿತು. ಎಲ್ಲರನ್ನೂ ಒತ್ತೊತ್ತಾಗಿ ಸೇರಿಸಿಕೊಂಡು, ದಿಬ್ಬಕ್ಕೆ ಬೆನ್ನು ಕೊಟ್ಟು ಮೆಲ್ಲಗೆ ಮೇಲೆ ತಂದೆ. ಯಾರಿಗೂ ಗಾಯವಾಗಲಿಲ್ಲ.

ದೋಣಿಯಲ್ಲಿ ರಿದ್ವಾನ್ ಕರುಳು ತುಂಬಿ ತಂದಿದ್ದ ಬಕೆಟ್ಟಿಗೆ ಮುಚ್ಚಳ ಹಾಕುತ್ತ ನಗುತ್ತಿದ್ದ. "ಶಾರ್ಕ್ ಇಲ್ಲ ಅಂತ ಮುಖ ಊದಿಸ್ಕೊಂಡಿದ್ರಲ್ಲ ನಿನ್ ಗಿರಾಕಿಗಳು, ಕರೆಸಿಕೊಟ್ಟೆ ನೋಡು. ಮದುವೆ ಆದ್ಮೇಲೆ ಈ ಕೆಲಸ ನಿಂದೇ," ಎಂದು ಗಿರಾಕಿಗಳಿಗೆ ತಿಳಿಯದ ನಮ್ಮ ಭಾಷೆಯಲ್ಲಿ ಅಂದ. ಕೊಬ್ಬು ಮೆತ್ತಿದ ಆ ಕೈಯಲ್ಲೇ ರೊಟ್ಟಿ ಮುರಿದು ನನ್ನ ಬಾಯಿಗೆ ಹಿಡಿದ. ನಾನು ದೋಣಿಯ ಅಂಚಿಗೆ ಹೋಗಿ ವಾಂತಿ ಮಾಡಿದೆ.

ಅಜ್ಜಿ ನನ್ನ ಬೆನ್ನು ಸವರಿ, "ಆ ಶಾರ್ಕ್‌ಗಳು ತಾವಾಗೇ ಬಂದ್ವಾ ಮಗಳೇ?" ಎಂದು ಕೇಳಿದರು. ರಿದ್ವಾನ್ ನನ್ನನ್ನೇ ನೋಡುತ್ತಿದ್ದ.

"ನಿಮ್ಮ ಅದೃಷ್ಟ," ಎಂದುಬಿಟ್ಟೆ.

ಅಪ್ಪಾ, ಆ ಕರುಳಿಗಿಂತ ಈ ಮಾತೇ ನನಗೆ ಹೆಚ್ಚು ಹೇಸಿಗೆ ತಂದಿದೆ. ಅವನ ಮನೆ ಸೇರಿದರೆ ದಿನವೂ ಅದನ್ನೇ ಆಡಬೇಕಾಗುತ್ತದೆ. ಇಂದು ಬೆಳಿಗ್ಗೆ ಅಜ್ಜಿಯ ಹೋಟೆಲಿಗೆ ಹೋಗಿ ನಿಜ ಹೇಳಿದೆ. ಅವರು ಬಾಗಿಲು ಹಾಕಿಕೊಂಡರು.

ಶನಿವಾರ ಮನೆಗೆ ಬರುತ್ತೇನೆ. ನೀವು ಬಾಗಿಲು ಹಾಕಬೇಡಿ.

ನಿಮ್ಮ ಮಗಳು,
ನಜ್ಲಾ