ಅನಾಥ ತಂಡಕ್ಕೆ ಎರಡನೆಯ ಹೆಸರು

ಎಲ್ಡನ್ ಫೋರ್ಕ್, ಅಯೋವಾ
ಆಗಸ್ಟ್ ೧೮, ಸೋಮವಾರ ಬೆಳಗ್ಗೆ

ಪ್ರೀತಿಯ ಡೆರೆಕ್,

ಹೇಗಿದ್ದೀಯ? ಮಣಿಕಟ್ಟಿನ ನೋವು ಇಳಿದಿದೆಯೇ? ಕ್ರಿಸ್‌ಮಸ್ ಕಾರ್ಡಿನಲ್ಲಿ ನೀನು ಅದರ ವಿಷಯ ಅರ್ಧ ಸಾಲು ಬರೆದಿದ್ದೆ, ಆಮೇಲೆ ಏನೂ ತಿಳಿಯಲಿಲ್ಲ. ಬೇಸಿಗೆಯಲ್ಲಿ ಹಡಗಿನ ಎಂಜಿನ್ ಕೋಣೆ ಹೇಗಿರುತ್ತದೋ ನಾನು ಬಲ್ಲೆನೆಂದು ಹೇಳಲಾರೆ, ಆದರೆ ನೀರು ಚೆನ್ನಾಗಿ ಕುಡಿ. ಡೆಟ್ರಾಯಿಟ್ ನದಿಯಲ್ಲಿ ಅಂಚೆಯ ದೋಣಿ ನಿಮ್ಮ ಹಡಗಿನ ಪಕ್ಕಕ್ಕೆ ಬಂದು, ಮೇಲಿನಿಂದ ಇಳಿಬಿಟ್ಟ ಬಕೆಟ್ಟಿಗೆ ಕಾಗದ ಹಾಕಿ ಹೋಗುತ್ತದೆ ಎಂದು ನೀನೇ ಒಮ್ಮೆ ಹೇಳಿದ್ದೆ. ಅದಕ್ಕೇ ಕಾಗದ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಬಕೆಟ್ಟನ್ನು ಯಾರಾದರೂ ಎತ್ತಲೇಬೇಕು.

ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆ. ಧಾನ್ಯದ ಗೋದಾಮಿನ ತೂಕದ ಕೆಲಸವನ್ನು ಮಾರ್ಚ್‌ನಲ್ಲಿ ಬಿಟ್ಟೆ. ನಲವತ್ತೊಂದು ವರ್ಷ ಲಾರಿಗಳನ್ನು ತೂಗಿದವನಿಗೆ ಈಗ ತೂಗಲು ಟೊಮೇಟೊ ಬಿಟ್ಟರೆ ಏನಿಲ್ಲ. ಅದೂ ಈ ಸಲ ಬೇಡವೆನ್ನುವಷ್ಟು ಬಂದಿದೆ. ಪಕ್ಕದ ಮನೆಯವರು ನನ್ನನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಾರೆ.

ಸುದ್ದಿಯೆಂದರೆ, ನಿಮ್ಮಕ್ಕ ಹೈಡಿ ಹೊಸ ಫುಟ್‌ಬಾಲ್ ಲೀಗ್ ಶುರು ಮಾಡಿದ್ದಾಳೆ, ನಾವು ಮೈದಾನಕ್ಕಿಳಿಯದೆ ಟೀವಿಯ ಆಟಗಾರರ ಹೆಸರು ಹಂಚಿಕೊಂಡು ಫೋನಿನಲ್ಲಿ ಆಡುತ್ತಿದ್ದಂಥದ್ದೇ. ಹಳೆಯದು ನೀನು ಬಿಟ್ಟು ಹೋದ ಮೇಲೆ ಎರಡು ವರ್ಷ ತೆವಳಿ ಸತ್ತಿತು. ಈ ಹೊಸದಕ್ಕೆ ವಂಶದ ಲೀಗ್ ಅನ್ನುತ್ತಾರೆ. ಹಳೆಯದರಲ್ಲಿ ಪ್ರತಿ ಆಗಸ್ಟ್ ಹಲಗೆ ಒರೆಸಿ ಎಲ್ಲರೂ ಮೊದಲಿನಿಂದ ಆಟಗಾರರನ್ನು ಆರಿಸುತ್ತಿದ್ದೆವಲ್ಲ, ಇದರಲ್ಲಿ ಒರೆಸುವುದೇ ಇಲ್ಲ. ಒಮ್ಮೆ ನಿನ್ನವನಾದ ಆಟಗಾರ ಆಟವನ್ನೇ ಬಿಡುವವರೆಗೆ ನಿನ್ನವನೇ. ಭಾನುವಾರ ಅವನು ಎಲ್ಲಿ ಓಡಿದರೂ ಅಂಕ ನಿನಗೆ. ಮುಂದಿನ ವರ್ಷಗಳಲ್ಲಿ ಕಾಲೇಜು ಮುಗಿಸಿ ಬರುವ ಹೊಸ ಹುಡುಗರನ್ನು ಮಾತ್ರ ಸರದಿಯ ಮೇಲೆ ಹಂಚಿಕೊಳ್ಳುವುದು, ಕೊನೆಯ ಸ್ಥಾನದವನಿಗೆ ಮೊದಲ ಸರದಿ. ಆ ಸರದಿಗಳನ್ನೂ ವರ್ಷಗಟ್ಟಲೆ ಮುಂಚೆಯೇ ಕೊಟ್ಟು ತೆಗೆದುಕೊಳ್ಳಬಹುದು. ಇನ್ನೂ ಹೈಸ್ಕೂಲಿನಲ್ಲಿರುವ ಹುಡುಗನ ಮೇಲೆ ಈಗಲೇ ಕಣ್ಣಿಡಬಹುದೆಂದಾಯಿತು. ಇದರಲ್ಲೊಂದು ಮಾತಿದೆ, ನನಗೆ ಹೊಸದು. ಮಾಲೀಕನಿಲ್ಲದೆ ಉಳಿದ ತಂಡಕ್ಕೆ ಅನಾಥ ತಂಡ ಅನ್ನುತ್ತಾರೆ. ಅನಾಥವಾದರೆ ಊರಾಚೆಯ ಯಾರನ್ನಾದರೂ ಹುಡುಕಿ ಕೊಟ್ಟುಬಿಡುವುದು ಎಂಬುದು ಹೈಡಿಯ ಹದಿನಾಲ್ಕನೆಯ ನಿಯಮ. ನಿಯಮ ಬರೆಯುವುದರಲ್ಲಿ ಅವಳು ಥೇಟ್ ನಿಮ್ಮಮ್ಮ.

ಆಯ್ಕೆ ನಡೆದದ್ದು ಶನಿವಾರ ಮಧ್ಯಾಹ್ನ, ನಿಮ್ಮ ಚಿಕ್ಕಪ್ಪ ಮರ್ಲ್‌ನ ಟ್ರ್ಯಾಕ್ಟರ್ ಕೊಟ್ಟಿಗೆಯಲ್ಲಿ. ಹತ್ತು ಜನ, ಹತ್ತು ಮಡಚುವ ಕುರ್ಚಿ, ಗೋಡೆಗೆ ದೊಡ್ಡ ಹಲಗೆ, ಬಣ್ಣಬಣ್ಣದ ಹೆಸರಿನ ಚೀಟಿಗಳು. ಬೇಯಿಸಿದ ಸಿಹಿಜೋಳ, ಕೊಚ್ಚಿದ ಮಾಂಸ ತುಂಬಿದ ಬನ್ನು, ಮರ್ಲ್‌ನ ಬೆಚ್ಚಗಾದ ಬಿಯರು. ಮೊಸರಿನ ಡಬ್ಬಿಯಿಂದ ಚೀಟಿ ಎತ್ತಿದಾಗ ನನಗೆ ಮೂರನೆಯ ಸರದಿ ಬಂತು. ಚಿನ್ನದಂಥ ಸರದಿ. ನಾನು ಅದನ್ನು ಕುಳಿತಲ್ಲೇ ಮರ್ಲ್‌ಗೆ ಕೊಟ್ಟೆ. ಬದಲಿಗೆ ಅವನ ಒಂಬತ್ತನೆಯ ಸರದಿ, ಜೊತೆಗೆ ಬರುವ ವರ್ಷದ್ದೂ ಅದರಾಚೆಯ ವರ್ಷದ್ದೂ ಅವನ ಮೊದಲ ಸರದಿಗಳು. ಮರ್ಲ್‌ಗೆ ಸ್ವರ್ಗಕ್ಕೆ ಮೂರೇ ಗೇಣು. ಅವನು ಚೆಂಡನ್ನು ತೋಳಲ್ಲಿ ಅವುಚಿ ಓಡುವ ಇಪ್ಪತ್ತೆಂಟರ ಒಬ್ಬ ಓಟಗಾರನನ್ನೂ ಮೂವತ್ತೊಂದರ ಒಬ್ಬ ಚೆಂಡು ಹಿಡಿಯುವವನನ್ನೂ ಆರಿಸಿ, ಈ ವರ್ಷದ ಬಟ್ಟಲು ತನ್ನ ಮನೆಯ ಕಪಾಟಿನಲ್ಲೇ ಎಂದು ಸಾರಿಬಿಟ್ಟ. ಇರಬಹುದು. ಆದರೆ ಈ ಆಟದಲ್ಲಿ ಓಟಗಾರನಿಗೆ ಇಪ್ಪತ್ತೇಳಕ್ಕೆ ಮುಪ್ಪು. ಹಿಡಿಯುವವನು ಮೂವತ್ತರ ತನಕ ಬಾಳುತ್ತಾನೆ, ಎಸೆಯುವವನು ಮೂವತ್ತೈದು ದಾಟುತ್ತಾನೆ. ಇದನ್ನೆಲ್ಲ ಬೇಸಿಗೆಯಿಡೀ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ, ಆಸ್ಪತ್ರೆಯ ಬೆಂಚುಗಳಲ್ಲಿ ಹೊತ್ತು ಹೋಗಬೇಕಲ್ಲ.

ಹಾಗಾಗಿ ನಾನು ಎಸೆಯುವವನನ್ನು ಮೊದಲು ಆರಿಸಿದೆ. ವಯಸ್ಸು ಇಪ್ಪತ್ತೆರಡು. ಟೆಕ್ಸಾಸಿನ ಕಡೆಯ ಉದ್ದ ಕೂದಲಿನವ, ಹೆಸರು ನಾಲಿಗೆಗೆ ಹತ್ತುವುದಿಲ್ಲ. ಆಮೇಲೆ ಹಿಡಿಯುವವರು ನಾಲ್ವರು, ಯಾರಿಗೂ ಇಪ್ಪತ್ತಮೂರು ದಾಟಿಲ್ಲ. ಒಬ್ಬನಿಗೆ ಕಳೆದ ವರ್ಷ ಕಾಲಿಗೆ ಪೆಟ್ಟಾಗಿ ಇಡೀ ಋತು ಬೆಂಚೇ ಗತಿಯಾಗಿತ್ತು, ಅದಕ್ಕೇ ಎಂಟನೆಯ ಸುತ್ತಿನವರೆಗೆ ಯಾರೂ ಮುಟ್ಟದೆ ಉಳಿದಿದ್ದ. ಓಟಗಾರರನ್ನು ಕೊನೆಗೆ ಹೆಸರಿಗೆ ಇಬ್ಬರು ತೆಗೆದುಕೊಂಡೆ. ಒಳ್ಳೆಯ ಓಟಗಾರರನ್ನು ಎರಡು ವರ್ಷ ಬಿಟ್ಟು, ನಮ್ಮ ಹುಡುಗರು ಬಲಿತ ಮೇಲೆ, ಕೊಂಡರಾಯಿತು. ಮುಂಚೆಯೇ ಕೊಂಡರೆ ಅಂಗಳದಲ್ಲಿ ನಿಂತೇ ತುಕ್ಕು ಹಿಡಿಯುತ್ತಾರೆ. ಹೈಡಿ ಹಲಗೆ ನೋಡಿ, “ಅಪ್ಪಾ, ಈ ವರ್ಷ ನೀನು ಒಂದು ಪಂದ್ಯಾನೂ ಗೆಲ್ಲಲ್ಲ” ಅಂದಳು. ಗೊತ್ತು ಅಂದೆ. ಈ ವರ್ಷ ಕೊನೆಯ ಸ್ಥಾನಕ್ಕೆ ಬರುವುದೇ ಉಪಾಯ, ಬರುವ ವರ್ಷ ಮೊದಲ ಸರದಿ ಸಿಗುತ್ತದೆ. ಮರ್ಲ್ ಬಿಡುವವನೇ? “ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸ್ತಿದ್ದೀಯಲ್ಲೋ ಅಣ್ಣಾ. ಎಪ್ಪತ್ತಾಯ್ತು ನಿನಗೆ. ಈ ಹುಡುಗ್ರು ಗಡ್ಡ ಬೋಳಿಸ್ಕೊಳ್ಳೋ ಹೊತ್ತಿಗೆ ನೀನೆಲ್ಲಿರ್ತೀಯೋ” ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಮಾತು ಸರಿಯಾಗೇ ಇತ್ತು.

ನಿಯಮ ಓದುವಾಗ ನಡೆದ ಒಂದು ಮಾತನ್ನು ಮೇಲೆ ಬಿಟ್ಟುಬಿಟ್ಟೆ. ಮರೆತು ಬಿಟ್ಟಿದ್ದಲ್ಲ. ಕೊಡುಕೊಳ್ಳುವ ಪ್ರಸ್ತಾಪ ಬಂದ ಮೇಲೆ ಇಪ್ಪತ್ತನಾಲ್ಕು ಗಂಟೆಯೊಳಗೆ ಒಪ್ಪದಿದ್ದರೆ ಅದು ತಾನಾಗಿ ಬಿದ್ದುಹೋಗುತ್ತದೆ ಎಂದು ಹೈಡಿ ಓದಿದಳು. ಅಷ್ಟು ಅವಸರ ಯಾಕಮ್ಮ ಎಂದು ಮರ್ಲ್ ಕೇಳಿದ. “ನಿನ್ನಿಂದಲೇ ಚಿಕ್ಕಪ್ಪಾ. ಆವಾಗ ಡೆರೆಕ್ ಗುರುವಾರ ಕಳಿಸಿದ್ದಕ್ಕೆ ನೀನು ಶನಿವಾರ ಒಪ್ಪಿಗೆ ಒತ್ತಿದೆ” ಅಂದಳು. ಮರ್ಲ್ ಕತ್ತು ತುರಿಸಿಕೊಂಡು, “ಕೊಯ್ಲಿನ ಕಾಲ ಅಲ್ವೇನೇ, ಫೋನ್ ಯಾರು ನೋಡ್ತಾರೆ” ಅಂದ. ಇಬ್ಬರೂ ಅದನ್ನು ನನಗೆ ಗೊತ್ತಿರುವ ವಿಷಯವೆಂದೇ ಮಾತಾಡಿದರು. ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವನ ಹಾಗೆ ತಲೆಯಾಡಿಸಿ ಇನ್ನೊಂದು ಜೋಳ ತೆಗೆದುಕೊಂಡೆ, ಅದು ತಟ್ಟೆಯಲ್ಲೇ ಉಳಿಯಿತು.

ಮೂರು ವರ್ಷದ ಹಿಂದಿನ ಆ ಅಕ್ಟೋಬರ್ ನಿನಗೆ ನೆನಪು ಮಾಡಿಕೊಡಬೇಕಾಗಿಲ್ಲ. ನೀನು ನಿನ್ನ ಓಟಗಾರನನ್ನು ಮರ್ಲ್‌ಗೆ ಕೊಟ್ಟೆ. ಅವನ ಮಂಡಿ ಹೋಯಿತೆಂಬ ಸುದ್ದಿ ಶನಿವಾರ ಎರಡು ಗಂಟೆಗೆ ಬಂತು, ನಿಮ್ಮ ಕೊಡುಕೊಳ್ಳುವಿಕೆಯ ಮೇಲೆ ಗಂಟೆ ಎರಡೂ ಇಪ್ಪತ್ತು ಎಂದಿತ್ತು. ತೂಕದ ಚೀಟಿಯ ಮೇಲೆ ಮುದ್ರಿಸಿದ ಗಂಟೆ ಲಾರಿ ಬಂದು ನಿಂತ ಗಂಟೆ. ಆಯುಷ್ಯವಿಡೀ ಅದನ್ನೇ ಓದಿದವನು ಇದನ್ನೂ ಹಾಗೇ ಓದಿದೆ. ಆದರೆ ಅದು ಮರ್ಲ್ ಕೊಯ್ಲಿನ ಯಂತ್ರದಲ್ಲಿ ಕುಳಿತು ಬೆರಳು ಒತ್ತಿದ ಗಂಟೆ, ನೀನು ಕಳಿಸಿದ್ದಲ್ಲ. ನೀನಾಗ ಹಡಗಿನ ತಳದಲ್ಲಿ ಸುದ್ದಿಯೇ ತಲುಪದ ಕಡೆ ಇದ್ದೆ. ನಾನು ಲೀಗಿನ ಹಿರಿಯನ ಗತ್ತಿನಲ್ಲಿ ಅದನ್ನು ರದ್ದು ಮಾಡಿದ್ದಲ್ಲದೆ, “ನಮ್ಮ ಮನೆಯವರು ಕುಂಟು ಹಸುನ ಮಬ್ಬಲ್ಲಿ ಮಾರಲ್ಲ” ಎಂದು ಹತ್ತು ಜನ ಓದುವಂತೆ ಬರೆದೆ. ಮಾತು ಆಡಿದರೆ ಹೋಯಿತು ಅನ್ನುತ್ತಾರೆ, ಬರೆದದ್ದು ಇನ್ನೂ ಕೆಟ್ಟದ್ದು. “ಸರಿ ಅಪ್ಪಾ, ಬೇರೆ ಯಾರನ್ನಾದ್ರೂ ನೋಡ್ಕೋ” ಎಂದು ಒಂದು ಸಾಲು ಬರೆದು ನೀನು ಹೋದೆ. ಸಮಜಾಯಿಷಿ ಕೊಡಲಿಲ್ಲ. ಕೊಡಬೇಕಾಗಿಯೂ ಇರಲಿಲ್ಲ, ಕೇಳಬೇಕಾದವನು ನಾನು. ತಪ್ಪು ನನ್ನದು, ಡೆರೆಕ್. ನಿನ್ನನ್ನು ಮೋಸಗಾರ ಅಂದೆ, ನೀನು ಮೋಸ ಮಾಡಿರಲಿಲ್ಲ. ಇದನ್ನು ನಿನ್ನೆ ಫೋನಿನಲ್ಲಿರುವ ಲೀಗಿನ ಗೋಡೆಯ ಮೇಲೂ ಬರೆದಿದ್ದೇನೆ, ಅದೇ ಹತ್ತು ಜನ ಓದುವಂತೆ. ಹೈಡಿ ಓದಿ ಫೋನು ಮಾಡಿ, ಟೊಮೇಟೊ ಬೇಕು ಅಂದಳು. ಮರ್ಲ್ ಒಂದು ಪೆಟ್ಟಿಗೆ ಬಿಯರ್ ತಂದು ಜಗಲಿಯಲ್ಲಿಟ್ಟು ಬಾಗಿಲು ಬಡಿಯದೆ ಹೋಗಿದ್ದಾನೆ.

ಮತ್ತೆ ವಿಶೇಷವಿಲ್ಲ. ನಿನ್ನ ಹಳೆಯ ಲಾರಿಗೆ ತಿಂಗಳಿಗೊಮ್ಮೆ ಜೀವ ಕೊಡುತ್ತಿದ್ದೇನೆ, ಇನ್ನೂ ಕೆಮ್ಮಿಕೊಂಡಾದರೂ ಏಳುತ್ತದೆ. ಹಡಗಿನ ಅಡುಗೆಯವನು ಹೊಟ್ಟೆ ತುಂಬ ಹಾಕುತ್ತಾನೆಂದು ನಂಬಿದ್ದೇನೆ. ನಿಮ್ಮಮ್ಮ ಇದ್ದಿದ್ದರೆ ಇಲ್ಲಿ ದೇವರು ನಿನ್ನನ್ನು ಕಾಯಲಿ ಎಂದು ಬರೆಸುತ್ತಿದ್ದಳು. ಅವಳ ಮಾತನ್ನು ಅವಳ ಪರವಾಗಿ ಬರೆದಿದ್ದೇನೆ, ನನ್ನ ಪರವಾಗಿಯೂ ಅಂತ ತಿಳಿ.

ಇಂತಿ ನಿನ್ನ ಅಪ್ಪ,
ಆರ್ಲೋ ಹಾವರ್‌ಕಾಂಪ್

ಮರೆತಿದ್ದು: ಅಂಚೆಯವನ ಗಾಡಿ ತಿರುವಿನಲ್ಲಿದೆ, ಚುಟುಕಾಗಿ ಬರೆಯುತ್ತೇನೆ. ನನ್ನ ಹೊಟ್ಟೆಯಲ್ಲಿ ಗಡ್ಡೆ ಇದೆ. ಮುಂದಿನ ಬಿತ್ತನೆ ನೋಡಬಹುದು, ಕೊಯ್ಲಿನ ಮಾತು ಬೇಡ ಅಂದಿದ್ದಾರೆ ಡಾಕ್ಟರು. ಹೈಡಿಗೆ ಇವತ್ತು ಸಂಜೆ ಹೇಳುತ್ತೇನೆ. ತಂಡ ನಾನು ನನಗಾಗಿ ಆರಿಸಿದ್ದಲ್ಲ. ಮಾಲೀಕರ ಜಾಗದಲ್ಲಿ ಎರಡನೆಯ ಹೆಸರು ನಿನ್ನದು ಹಾಕಿದ್ದೇನೆ. ಹುಡುಗರು ಒಳ್ಳೆಯವರು, ಎರಡು ವರ್ಷ ಕಾದರೆ ಮರ್ಲ್‌ಗೆ ಮಣ್ಣು ಮುಕ್ಕಿಸುತ್ತಾರೆ. ಒಪ್ಪಿಗೆ ಕೇಳುವ ಪ್ರಸ್ತಾಪ ನಿನ್ನ ಫೋನಿಗೆ ಬಂದಿರುತ್ತದೆ. ಇದೊಂದಕ್ಕೆ ಮಾತ್ರ ಸೆಪ್ಟೆಂಬರ್ ನಾಲ್ಕರ ಮೊದಲ ಪಂದ್ಯದವರೆಗೆ ಗಡುವು ಕೊಡು ಎಂದು ಹೈಡಿಯನ್ನು ಕೇಳಿಕೊಂಡಿದ್ದೇನೆ. ಕಾಗದ ಸಿಕ್ಕ ಕೂಡಲೇ ಒತ್ತಿಬಿಡು, ನಿಮ್ಮ ಚಿಕ್ಕಪ್ಪನ ಹಾಗೆ ಎರಡು ದಿನ ತಡ ಮಾಡಬೇಡ.