ಮೂರನೆಯ ಕುಂಡಕ್ಕೆ ನೀರು

ಧಾರವಾಡ, ಕ್ರಿ.ಶ. 2261
ಎರಡನೆಯ ಬೇಸಿಗೆ, ಬೆಳಕು ಕಟ್ಟುವ ವಾರ

ಪ್ರೀತಿಯ ರೇಣುಕಾ ಆಯಿಗೆ,

ನಿಮಗಿನ್ನೂ ಮೂವತ್ತೈದು ದಾಟಿಲ್ಲ, ನನಗೆ ಎಪ್ಪತ್ತು ಹತ್ತಿರ ಬಂತು. ಆದರೂ ನಿಮ್ಮನ್ನು ಆಯಿ ಎನ್ನದೆ ವಿಧಿಯಿಲ್ಲ. ನನ್ನ ಅಜ್ಜಿಯ ಅಜ್ಜಿಗೆ ನೀವು ಅಜ್ಜಿ. ನನ್ನ ಕನ್ನಡದಲ್ಲಿ ಕೆಲವು ಮಾತು ನಿಮಗೆ ವಿಚಿತ್ರ ಅನ್ನಿಸಬಹುದು. ಸಿಟ್ಟಾಗಬೇಡಿ, ಬಂದ ಬಂದಲ್ಲಿ ಬಿಡಿಸಿ ಹೇಳುತ್ತೇನೆ.

ನೀವು ಹಾಪ್ಸ್ ಎನ್ನುವುದನ್ನು, ಬೀರಿಗೆ ಕಹಿ ಮತ್ತು ಕಂಪು ಕೊಡುವ ಆ ಹೂಬಳ್ಳಿಯನ್ನು, ನಾವು ಬಲಬಳ್ಳಿ ಎನ್ನುತ್ತೇವೆ, ಗುಡಿ ಸುತ್ತುವವರ ಹಾಗೆ ಅದು ಹಗ್ಗವನ್ನು ಬಲಕ್ಕೇ ಸುತ್ತುವುದರಿಂದ. ತಂಪು ದೇಶದ ಬಳ್ಳಿ, ಅಲ್ಲಿಯ ಬೇಸಿಗೆಯ ಉದ್ದ ಹಗಲಿಗೆ ಒಗ್ಗಿದ್ದು. ನಮ್ಮ ಗಿಡ್ಡ ಹಗಲಿನಲ್ಲಿ ಸರಿಯಾಗಿ ಬೆಳೆಯುವ ಮೊದಲೇ ಗಡಿಬಿಡಿಯಿಂದ ನಾಲ್ಕು ಹೂ ಬಿಟ್ಟು ಸುಮ್ಮನಾಗುತ್ತದೆ. ಅದಕ್ಕೆ ಈಗ ನಮ್ಮ ಓಣಿಯ ಎಲ್ಲ ಮಾಳಿಗೆಗಳ ಮೇಲೂ ಹೊತ್ತು ಮುಳುಗಿದ ಮೇಲೆ ಸ್ವಲ್ಪ ಹೊತ್ತು ಕುಂಡಗಳ ಮೇಲೆ ದೀಪ ಉರಿಯುತ್ತದೆ. ಬೆಳಕು ಕಟ್ಟುವುದು ಎಂದರೆ ಅದೇ; ಎರಡನೆಯ ಬೇಸಿಗೆ ಎಂದರೆ ಮಳೆ ಮುಗಿದ ಮೇಲೆ ನಮ್ಮಲ್ಲಿ ಮತ್ತೊಮ್ಮೆ ಬರುವ ಬಿಸಿಲುಗಾಲ. ಬಿಡಿಸಿದ ಹೂವನ್ನು ನೆರಳಲ್ಲಿ ಒಣಗಿಸಿ ಬುರುಗುಮನೆಗೆ ಒಯ್ಯುತ್ತೇವೆ. ಬುರುಗುಮನೆ ಅಂದರೆ ಓಣಿಯವರೆಲ್ಲ ಸೇರಿ ಬೀರು ಮಾಡುವ ಮನೆ. ಮೊಳಕೆ ಬರಿಸಿದ ಜೋಳ ಅಲ್ಲಿ ಕುದಿಯುತ್ತದೆ, ಹೂ ಬೀಳುತ್ತದೆ, ಸಂಜೆ ಎಲ್ಲರೂ ತಮ್ಮ ತಮ್ಮ ಲೋಟ ಹಿಡಿದು ಬಂದು ಕೂರುತ್ತಾರೆ. ಜಗಳ ಆಡಿದವರನ್ನು ಬೇಕೆಂದೇ ಅಕ್ಕಪಕ್ಕ ಕೂರಿಸುತ್ತೇವೆ. ನಮ್ಮ ನೀರಿನ ಪಾಳಿ, ಮಕ್ಕಳ ಸಂಬಂಧ, ಸತ್ತವರ ಸುದ್ದಿ, ಎಲ್ಲ ತೀರ್ಮಾನ ಆಗುವುದು ಅಲ್ಲೇ. ಇಷ್ಟು ಒಣಗಿದ ಊರನ್ನು ಬಿಟ್ಟು ಯಾರೂ ಹೋಗಿಲ್ಲ ಅಂದರೆ ಆ ಸಂಜೆಯ ಕಾರಣಕ್ಕೇ ಎಂದು ನಾನಂತೂ ನಂಬಿದ್ದೇನೆ.

ನಿಮ್ಮ ಕತೆ ನಮ್ಮ ಮನೆಯಲ್ಲಿ ಬಾಯಿಂದ ಬಾಯಿಗೆ ಬಂದಿದೆ. ನಿಮ್ಮ ಅತ್ತೆ ಕಮಲವ್ವ ಅವರೆಕಾಯಿ ಬಳ್ಳಿ ಬೆಳೆಸುವುದರಲ್ಲಿ ಎತ್ತಿದ ಕೈ. ಸೊಸೆ ಮಾಳಿಗೆಯ ಮೇಲೆ ಮೂರು ಕುಂಡಗಳಲ್ಲಿ ನೆಟ್ಟ ಹಾಪ್ಸ್ ಬಳ್ಳಿಯನ್ನೂ ಅವರೆಬಳ್ಳಿಯಂತೆಯೇ ಎಡಕ್ಕೆ ಸುತ್ತಿ ಬಂದರಂತೆ. ಬೆಳಗಾಗುವಷ್ಟರಲ್ಲಿ ಅದು ಬಿಚ್ಚಿಕೊಂಡು ಬಿದ್ದಿತ್ತು. ಮತ್ತೆ ಸುತ್ತಿದರು, ಮತ್ತೆ ಬಿತ್ತು. ಕೊನೆಗೆ ಸೊಂಟದ ಮೇಲೆ ಕೈಯಿಟ್ಟು, "ಯವ್ವಾ, ನಿನ್ನಂಗ ಐತಿ ನೋಡ ಇದು, ಹೇಳಿದ್ದು ಒಂದರ ಕೇಳತೈತೇನು" ಎಂದರಂತೆ. ನೀವು ನಕ್ಕು, "ಅತ್ತಿ, ಬಲಕ್ಕ ಸುತ್ತಿ ನೋಡ್ರಿ" ಎಂದಿರಂತೆ. ಮದುವೆಯಲ್ಲಿ ಉಳಿದಿದ್ದ ದೀಪದ ಸರ ತಂದು ಕುಂಡಗಳ ಮೇಲೆ ಇಳಿಬಿಟ್ಟವರೂ ನೀವೇ. ಮೂರು ಕುಂಡಕ್ಕೋಸ್ಕರ ಸೂರ್ಯನನ್ನೇ ತಡೆದು ನಿಲ್ಲಿಸಲು ಹೊರಟ ನಿಮ್ಮ ಧೈರ್ಯಕ್ಕೆ ಏನನ್ನಬೇಕೋ ತಿಳಿಯದು. ನನಗೆ ನಿಮ್ಮ ಮೇಲೆ ಬಹಳ ಅಭಿಮಾನ ಆಯಿ, ಮುಚ್ಚಿಡುವುದೇಕೆ.

ಈಗ ಆ ಮೂರು ಕುಂಡಗಳ ವಿಷಯ. ಮೊದಲನೆಯದು ಸಾಜ್ ಎಂಬ ತಳಿ, ಹೆಸರು ದೊಡ್ಡದು, ಕಂಪು ಇನ್ನೂ ದೊಡ್ಡದು, ನಮ್ಮ ಬಿಸಿಲು ಕಂಡರೆ ಮುಖ ಬಾಡಿಸುತ್ತದೆ. ಎರಡನೆಯದು ಕ್ಯಾಸ್ಕೇಡ್, ಬಿಸಿಲು ತಡೆಯುತ್ತದೆ, ಕಿತ್ತಳೆ ಸಿಪ್ಪೆಯ ವಾಸನೆಯಂತೆ, ನಾವು ಮೂಸಿಲ್ಲ. ಮೂರನೆಯದರ ಹೆಸರಿನ ಚೀಟಿ ಮಳೆಗೆ ಅಳಿಸಿಹೋಗಿತ್ತು. ಅದರ ಹೂ ತಿಕ್ಕಿದರೆ ಬೆಳ್ಳುಳ್ಳಿ ನಾರುತ್ತದೆ. ಅದನ್ನು ಹಾಕಿ ನೀವು ಮಾಡಿದ ಬೀರನ್ನು ನಿಮ್ಮ ಯಜಮಾನರು ಪ್ರಭುಲಿಂಗ ಅವರು ಒಂದು ಗುಟುಕು ಕುಡಿದು, "ಇದಕ್ಕೊಂದು ಒಗ್ಗರಣಿ ಕೊಟ್ಟರ ಸಾರು ಆಕ್ಕೈತಿ" ಎಂದದ್ದು ನಮ್ಮಲ್ಲಿ ಇವತ್ತಿಗೂ ನಡೆಯುವ ತಮಾಷೆ.

ಈ ಪತ್ರ ಮುಟ್ಟುವ ಹೊತ್ತಿಗೆ ನಿಮ್ಮಲ್ಲಿ ಕಡುಬೇಸಿಗೆ. ನಲ್ಲಿಗೆ ನೀರು ಬಂದು ವಾರ ಮೀರಿರುತ್ತದೆ. ಮನೆಯ ಖರ್ಚು ಕಳೆದು ಮಾಳಿಗೆಗೆ ಒಯ್ಯಲು ದಿನಕ್ಕೊಂದು ಬಕೆಟ್ ಉಳಿಯುತ್ತದೆ, ಒಂದೇ ಕುಂಡಕ್ಕೆ ಸಾಕಾಗುವಷ್ಟು. ಬುದ್ಧಿ ಇದ್ದವರು ಕ್ಯಾಸ್ಕೇಡಿಗೆ ಹಾಕುತ್ತಾರೆ. ನಿಮ್ಮ ಕಾಲದಲ್ಲಿದ್ದರೆ ಮನೆಯಲ್ಲಿ ಬೆಳೆಸುವವರಿಗೆ ನಾನೂ ಅದನ್ನೇ ಹೇಳುತ್ತಿದ್ದೆ: ಹೆಸರು ನೋಡಬೇಡಿ, ನಿಮ್ಮ ಬಿಸಿಲಿಗೆ ತಾಳುವುದನ್ನು ನೋಡಿ, ನಿಮ್ಮ ನಾಲಿಗೆಗೆ ಹಿಡಿಸುವುದನ್ನು ಆರಿಸಿ. ಆದರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೆ ಒಂದು ಬೂದಿರೋಗ ಬರುತ್ತದೆ. ಎಲೆ ಬೆಳ್ಳಗಾಗುತ್ತದೆ, ಬೇರು ಕೊಳೆಯುತ್ತದೆ, ತಂಪು ದೇಶದ ತೋಟಗಳು ಸಾಲುಸಾಲಾಗಿ ಹೋಗುತ್ತವೆ. ಕ್ಯಾಸ್ಕೇಡ್ ಹೋಯಿತು, ಸಾಜ್ ಹೋಯಿತು. ಉಳಿದದ್ದು ಬೆಳ್ಳುಳ್ಳಿ ನಾರುವ ನಿಮ್ಮ ಆ ಬಳ್ಳಿ. ಇಂದು ನಮ್ಮಲ್ಲಿರುವ ಬಲಬಳ್ಳಿಗಳೆಲ್ಲ ಅದರ ಬೇರಿನ ತುಂಡುಗಳೇ. ನಮಗೆ ಬೀರು ಅಂದರೆ ಆ ವಾಸನೆಯೇ, ಮಗಳು ತವರಿಗೆ ಬಂದರೆ ಬಾಗಿಲಲ್ಲೇ ಅದನ್ನು ಮೂಸಿ ಕಣ್ಣು ತುಂಬಿಕೊಳ್ಳುತ್ತಾಳೆ.

ಆ ಬೇಸಿಗೆಯಲ್ಲಿ ನೀವು ಬಕೆಟ್ ಹಿಡಿದು ಬಹಳ ಹೊತ್ತು ನಿಂತಿದ್ದಿರಿ, ಆಮೇಲೆ ಮೂರನೆಯ ಕುಂಡಕ್ಕೆ ಸುರಿದಿರಿ ಎಂದು ಮನೆಯಲ್ಲಿ ಹೇಳುತ್ತಾರೆ. ಯಾಕೆ ಎಂದು ಯಾರಿಗೂ ಗೊತ್ತಿಲ್ಲ. ಕಮಲವ್ವ ಕೇಳಿದ್ದಕ್ಕೆ ನೀವು ಖಾಲಿ ಬಕೆಟ್ ಹಿಡಿದು ಮೆಟ್ಟಿಲಿಳಿದಿರಂತೆ. ಕೆಟ್ಟ ರುಚಿಯ ಬಳ್ಳಿಯನ್ನು ಯಾರೂ ಸುಮ್ಮನೆ ಉಳಿಸಿಕೊಳ್ಳುವುದಿಲ್ಲ, ಯಾರೋ ಬೇಡಿಕೊಂಡಿರಬೇಕು ಎಂದು ನಾನು ವರ್ಷಗಟ್ಟಲೆ ಯೋಚಿಸಿದೆ. ಬೇಡಿಕೊಳ್ಳಬೇಕಾದವಳು ನಾನೇ ಇರಬಹುದು ಎಂದು ಈಚೆಗೆ ಹೊಳೆಯಿತು. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಕ್ಯಾಸ್ಕೇಡ್ ಈ ವರ್ಷ ಮೊದಲ ಸಲ ಮೈತುಂಬ ಮೊಗ್ಗು ಹಿಡಿದಿದೆ. ಅದರ ಬೀರನ್ನು ಕುಡಿಯಬೇಕೆಂದು ನೀವು ಎಷ್ಟು ಆಸೆಪಟ್ಟು ಕಾದಿದ್ದೀರಿ ಎಂಬುದು ನನಗೆ ಗೊತ್ತು. ಇನ್ನು ಅದು ನಿಮ್ಮ ಜನ್ಮದಲ್ಲಿ ಸಿಗುವುದಿಲ್ಲ. ಅತ್ತೆ ನಗುತ್ತಾರೆ, ಯಜಮಾನರು ಒಗ್ಗರಣೆ ಮಾತು ತೆಗೆಯುತ್ತಾರೆ, ನೀವೇ ಮೂಗು ಮುಚ್ಚಿ ಕುಡಿಯುತ್ತೀರಿ. ಇದನ್ನೆಲ್ಲ ತಿಳಿದೂ ಕೇಳುತ್ತಿದ್ದೇನೆ, ಆಯಿ. ಕ್ಯಾಸ್ಕೇಡಿನ ಕಡೆ ನೋಡದೆ ಮೂರನೆಯದಕ್ಕೆ ಸುರಿದುಬಿಡಿ.

ನಿಮ್ಮ ಮೊಮ್ಮಗಳು,
ನೀಲವ್ವ ಹಂಚಿನಮನಿ